ನಾಟಾ ಕಟಾವು ಯೋಜನೆ, ಗಣಿತೀಯ

ಯಾವ ನೆಡುತೋಪನ್ನು ಯಾವಾಗ ಕಡಿಯಬೇಕು, ದಿಮ್ಮಿಗಳನ್ನು ಯಾವ ಅಳತೆಗೆ ತುಂಡರಿಸಿ ಯಾವ ಕಾರ್ಖಾನೆಗೆ ಸಾಗಿಸಬೇಕು ಎಂಬುದನ್ನು ಗಣಿತದ ಮಾದರಿಗಳಿಂದ ನಿರ್ಧರಿಸುವ ವಿಧಾನ. ಮರದ ಇಳುವರಿ, ಯಂತ್ರಗಳ ಸಾಮರ್ಥ್ಯ, ಕಾರ್ಖಾನೆಯ ಬೇಡಿಕೆ ಇದರ ಮಿತಿಗಳು. ಕನಿಷ್ಠ ವೆಚ್ಚ ಅಥವಾ ಗರಿಷ್ಠ ಲಾಭ ಗುರಿ. ದೀರ್ಘಾವಧಿ ಕಟಾವಿಗೆ ರೇಖೀಯ ಪ್ರೋಗ್ರಾಮಿಂಗ್ ಬಳಕೆಯಲ್ಲಿದೆ. ರಸ್ತೆ ನಿರ್ಮಿಸಬೇಕೆ, ಬೇಡವೆ ಎಂಬಂಥ ನಿರ್ಧಾರಗಳಿಗೆ ಪೂರ್ಣಾಂಕ ಚರಗಳು ಬೇಕು.

ಪ್ರಸಿದ್ಧ ಉದಾಹರಣೆ ಚಿಲಿ ದೇಶದ್ದು. ಅಲ್ಲಿನ ಪೈನ್ ನೆಡುತೋಪುಗಳಿಗಾಗಿ ಚಿಲಿ ವಿಶ್ವವಿದ್ಯಾಲಯದ ಆಂಡ್ರೆಸ್ ವೈನ್‌ಟ್ರಾಬ್ ಮತ್ತು ಸಂಗಡಿಗರು ಹಲವು ತಂತ್ರಾಂಶಗಳನ್ನು ರೂಪಿಸಿದರು: ‘ಆಸಿಕಾಮ್’ ಲಾರಿಗಳ ದೈನಂದಿನ ಓಡಾಟವನ್ನು, ‘ಆಪ್ಟಿಕೋರ್ಟ್’ ಅಲ್ಪಾವಧಿ ಕಟಾವನ್ನು, ‘ಪ್ಲಾನೆಕ್ಸ್’ ಯಂತ್ರ ಹಾಗೂ ರಸ್ತೆಗಳ ಸ್ಥಾನವನ್ನು ಸೂಚಿಸುತ್ತವೆ. ಈ ಕೆಲಸಕ್ಕೆ 1998ರ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಸಂದಿತು.