ಹೆಪ್ಪು ಮತ್ತು ಕ್ರಿಮಿ

ಬರಿಗಣ್ಣಿಗೆ ಕಾಣದ ಜೀವಿಗಳ ವಿಚಾರವು ನಮ್ಮ ಪ್ರಾಚೀನರಿಗೆ ತಿಳಿದಿದ್ದಿತೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಅಥರ್ವವೇದದಲ್ಲಿ ಅದೃಷ್ಟಕ್ರಿಮಿಗಳ ಪ್ರಸ್ತಾಪವಿರುವುದರಿಂದ ಎಲ್ಲವೂ ತಿಳಿದಿದ್ದಿತೆಂದು ಕೆಲವರು ಹೇಳುವರು. ಅದೆಲ್ಲವೂ ಮಂತ್ರತಂತ್ರಗಳ ಮಾತಾದುದರಿಂದ ಏನೂ ತಿಳಿದಿರಲಿಲ್ಲವೆಂದು ಮತ್ತೆ ಕೆಲವರ ವಾದ. ಈ ಎರಡು ಪಕ್ಷದವರೂ ಹುಡುಕುವುದು ಕ್ರಿಮಿಶಬ್ದವನ್ನು ಮಾತ್ರವೇ. ದಿನವೂ ರಾತ್ರಿ ನಮ್ಮ ಅಡಿಗೆಯ ಮನೆಗಳಲ್ಲಿ ಹಾಲಿಗೆ ಬೀಳುವ ಹೆಪ್ಪಿನ ಕಡೆಗೆ ಯಾರೂ ತಿರುಗಿ ನೋಡಿದಂತೆ ಕಾಣುವುದಿಲ್ಲ. ಸೂಕ್ಷ್ಮಜೀವಿಗಳ ವ್ಯಾಪಾರವು ಮನುಷ್ಯನಿಗೆ ಅತ್ಯಂತ ಪರಿಚಿತವಾಗಿದ್ದುದು ಅಲ್ಲಿಯೇ ಆದುದರಿಂದ ಮೊದಲು ಅದನ್ನೇ ವಿಚಾರಿಸೋಣ.

ಕನ್ನಡದಲ್ಲಿ ಹೆಪ್ಪು ಎಂಬುದು ಹಾಲಿಗೆ ಹಾಕುವ ವಸ್ತುವಿಗೂ ಹೆಸರು, ಹಾಲು ಹೊಂದುವ ಗಟ್ಟಿಯಾದ ಸ್ಥಿತಿಗೂ ಹೆಸರು, ರಕ್ತವೂ ಹೆಪ್ಪುಗಟ್ಟುವುದೆನ್ನುತ್ತೇವೆ. ಕಾರಣಕ್ಕೂ ಕಾರ್ಯಕ್ಕೂ ಒಂದೇ ಶಬ್ದವಿರುವುದು ಗಮನಾರ್ಹ. ಸಂಸ್ಕೃತದಲ್ಲಿ ಹೆಪ್ಪಿಗೆ ಆತಂಚನವೆಂದು ಹೆಸರು. ದರ್ಶಯಾಗದ ಸಾನ್ನಾಯ್ಯಕ್ಕಾಗಿ ಹಾಲನ್ನು ಯಾವುದರಿಂದ ಹೆಪ್ಪುಗೊಳಿಸಬೇಕೆಂಬ ವಿಚಾರವು ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಬಂದಿದೆ. ಪೂತೀಕದಿಂದಾಗಲಿ ಮುತ್ತುಗದ ತೊಗಟೆಯಿಂದಾಗಲಿ ಮಾಡಿದರೆ ಅದು ಸೋಮನಿಗೆ ಸಲ್ಲುವುದು, ಬೋರೆಯ ಹಣ್ಣಿನಿಂದಾದರೆ ರಾಕ್ಷಸರಿಗೆ, ಅಕ್ಕಿಯಿಂದಾದರೆ ವಿಶ್ವೇದೇವರಿಗೆ, ಸಾಮಾನ್ಯವಾದ ಆತಂಚನದಿಂದಾದರೆ ಮನುಷ್ಯರಿಗೆ, ಮೊಸರಿನಿಂದಲೇ ಆದರೆ ಇಂದ್ರನಿಗೆ. ಯಜ್ಞದ ಅರ್ಥವಾದವನ್ನು ಬದಿಗಿಟ್ಟು ನೋಡಿದರೂ, ನಾನಾ ವಸ್ತುಗಳನ್ನು ಹಾಲಿಗೆ ಹಾಕಿ ನೋಡಿದ ಜನರ ಅನುಭವವು ಇದರ ಹಿಂದೆ ಇರುವುದು ಸ್ಪಷ್ಟ. ಮನೆಯಲ್ಲಿ ಹೆಪ್ಪು ತೀರಿಹೋದಾಗ ಹಸಿಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಹಾಲಿಗೆ ಹಾಕುವ ಪದ್ಧತಿಯು ನಮ್ಮ ಹೆಂಗಸರಲ್ಲಿ ಇಂದಿಗೂ ಉಂಟಷ್ಟೆ. ಪೂತೀಕವಿಚಾರಕ್ಕೆ ಇದು ಲೌಕಿಕವಾದ ಭಾಷ್ಯವೆಂದರೆ ತಪ್ಪಾಗದು.

ಅನುಭವವು ಇಷ್ಟು ಸೂಕ್ಷ್ಮವಾಗಿರಲು ಶಾಸ್ತ್ರವು ಇದನ್ನು ಹೇಗೆ ವಿವರಿಸಿತು? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಉಪಸಂಹಾರದರ್ಶನಾಧಿಕರಣವಿದೆ. ಕುಂಬಾರನಿಗೆ ಮಣ್ಣು, ದಂಡ, ಚಕ್ರ ಮೊದಲಾದ ಸಾಧನಗಳು ಬೇಕಾಗಿರುವಾಗ, ಯಾವ ಸಾಧನವೂ ಇಲ್ಲದ ಅದ್ವಿತೀಯವಾದ ಬ್ರಹ್ಮವು ಜಗತ್ಕಾರಣವಾಗುವುದೆಂತು ಎಂಬುದು ಪೂರ್ವಪಕ್ಷ. ಹೊರಗಿನ ಸಾಧನವನ್ನು ಅಪೇಕ್ಷಿಸದೆ ಹಾಲು ತಾನೇ ಮೊಸರಾಗುವಂತೆ ಎಂಬುದು ಸೂತ್ರಕಾರರ ಸಮಾಧಾನ. ಹಾಲಿಗಾದರೂ ಶಾಖ ಮೊದಲಾದುವು ಬೇಕಲ್ಲವೆ ಎಂಬ ಆಕ್ಷೇಪವನ್ನು ಶಂಕರಾಚಾರ್ಯರು ತಾವೇ ಎತ್ತಿಕೊಂಡು, ಶಾಖವು ಆ ಪರಿಣಾಮವನ್ನು ತ್ವರೆಗೊಳಿಸುವುದು ಮಾತ್ರವೆಂದೂ, ಮೊಸರಾಗುವ ಸ್ವಭಾವವು ಹಾಲಿನಲ್ಲಿಯೇ ಇರದಿದ್ದರೆ ಶಾಖವು ಬಲಾತ್ಕಾರದಿಂದ ಅದನ್ನು ಮೊಸರಾಗಿಸಲಾರದೆಂದೂ, ವಾಯುವಾಗಲಿ ಆಕಾಶವಾಗಲಿ ಶಾಖದಿಂದ ಮೊಸರಾಗುವುದಿಲ್ಲವೆಂದೂ ಉತ್ತರಿಸಿರುವರು. ಅಲ್ಲಿ ಶಾಖದ ಹೆಸರು ಬಂದಿದೆ. ಹೆಪ್ಪಿನ ಹೆಸರು ಬಂದಿಲ್ಲ.

ಕರೆದ ಹಾಲನ್ನು ಸುಮ್ಮನೆ ಇಟ್ಟರೂ ಅದು ಹುಳಿಯುವುದಾದುದರಿಂದ ಆಗಿನ ಪ್ರತ್ಯಕ್ಷಕ್ಕೆ ಈ ಉತ್ತರವು ಪೂರ್ಣವಾಗಿ ಹೊಂದುತ್ತಿದ್ದಿತು. ಹಾಗೆ ಹುಳಿಯುವುದು ಏತರಿಂದ ಎಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1857ರಲ್ಲಿ ಲಿಲ್ ಪಟ್ಟಣದ ವಿದ್ವತ್ಸಭೆಯ ಮುಂದೆ ಓದಿದ ಪ್ರಬಂಧದಲ್ಲಿ ನಿರೂಪಿಸಿದನು. ಹುಳಿಯುವಿಕೆಯು ಒಂದು ಜಾತಿಯ ಸೂಕ್ಷ್ಮಜೀವಿಯ ಕಾರ್ಯವೆಂದೂ, ಆ ಜೀವಿಯನ್ನು ಒಂದು ದ್ರವದಿಂದ ತೆಗೆದು ಮತ್ತೊಂದರಲ್ಲಿ ಬಿತ್ತಬಹುದೆಂದೂ ಅವನ ಸಿದ್ಧಾಂತ. ಕೊರಳನ್ನು ಬಾಗಿಸಿದ ಗಾಜಿನ ಬುರುಡೆಗಳಲ್ಲಿ ಕುದಿಸಿಟ್ಟ ರಸವು, ಗಾಳಿಯ ಸಂಪರ್ಕವಿದ್ದರೂ ಧೂಳು ಒಳಗೆ ಹೋಗದಿದ್ದರೆ ಕೆಡುವುದಿಲ್ಲವೆಂಬ ಅವನ ಪ್ರಸಿದ್ಧಪ್ರಯೋಗವು 1861ರ ಪ್ರಬಂಧದಲ್ಲಿದೆ. ಈಗ ಇದಕ್ಕೆ ಪ್ರಯೋಗಶಾಲೆಯೂ ಬೇಕಿಲ್ಲ. ಅತಿಯಾದ ಶಾಖದಲ್ಲಿ ಕ್ಷಣಕಾಲ ಕಾಯಿಸಿ ಭದ್ರವಾಗಿ ಮುಚ್ಚಿದ ಪೊಟ್ಟಣದ ಹಾಲು ತಿಂಗಳುಗಟ್ಟಲೆ ಹಾಲಾಗಿಯೇ ಇರುವುದನ್ನು ಯಾವ ಅಂಗಡಿಯಲ್ಲಿ ಬೇಕಾದರೂ ನೋಡಬಹುದು.

ಹೀಗಿರಲಾಗಿ ಕ್ಷೀರದೃಷ್ಟಾಂತದ ಗತಿಯೇನು? ದೃಷ್ಟಾಂತದಲ್ಲಿ ಎರಡು ಅಂಶಗಳಿವೆ. ವಾಯುವು ಮೊಸರಾಗಲಾರದು, ಯೋಗ್ಯತೆಯು ಹಾಲಿನದೇ ಎಂಬ ಅಂಶವು ಇಂದಿಗೂ ನಿಲ್ಲುವುದು. ಹಾಲಿನ ಸಕ್ಕರೆಯೂ ಅದರ ಕೆನೆರಹಿತವಾದ ಘನಾಂಶವೂ ಇಲ್ಲದೆ ಮೊಸರೆಂಬುದಿಲ್ಲ. ಹೊರಗಿನ ನಿಮಿತ್ತವು ಬೇಡವೆಂಬ ಅಂಶವು ನಿಲ್ಲುವುದಿಲ್ಲ. ಹಾಲು ಉಪಾದಾನ, ಸೂಕ್ಷ್ಮಜೀವಿಯು ನಿಮಿತ್ತವೆಂದಾದ ಮೇಲೆ ಅದು ಕುಂಬಾರನ ಗಡಿಗೆಯ ಪಕ್ಕಕ್ಕೇ ಸರಿಯಿತು. ಇದನ್ನು ಏನಾದರೂ ವ್ಯಾಖ್ಯಾನದಿಂದ ಮರೆಮಾಚುವುದು ನಮ್ಮಂಥವರಿಗೆ ಶೋಭಿಸದು. ಇದರಿಂದ ಸಿದ್ಧಾಂತಕ್ಕೆ ಹಾನಿಯೆಂದು ಭಯಪಡಬೇಕಾದುದೂ ಇಲ್ಲ: ಆ ಸಿದ್ಧಾಂತವು ಶ್ರುತಿಯ ಮೇಲೆ ನಿಂತಿದೆಯೇ ಹೊರತು ಹಾಲಿನ ಮೇಲೆ ಅಲ್ಲ, ಮುಂದಿನ ಸೂತ್ರದಲ್ಲಿಯೇ ದೇವತೆಗಳೇ ಮೊದಲಾದ ಬೇರೆ ದೃಷ್ಟಾಂತವೂ ಇದೆ.

ಹಾಲಿನಲ್ಲಿ ನಡೆಯುವ ವ್ಯಾಪಾರವು ಇಂತಹುದು. ಉಗುರುಬೆಚ್ಚಗಿನ ಹಾಲಿಗೆ ಬಿದ್ದ ಹೆಪ್ಪಿನ ಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಅದನ್ನು ಹುಳಿಯಾಗಿ ಬಿಡುವುವು. ಹುಳಿಯು ಹೆಚ್ಚಿದಂತೆ ಹಾಲಿನ ಘನಾಂಶವು ಒಂದಕ್ಕೊಂದು ಅಂಟಿಕೊಂಡು ಗಡ್ಡೆಕಟ್ಟುವುದು. ಹಾಲು ಸುಡುತ್ತಿದ್ದರೆ ಅವು ಸಾಯುವುವು; ತಣ್ಣಗಿದ್ದರೆ ಕೆಲಸವು ನಿಧಾನವಾಗುವುದು. ಚಳಿಗಾಲದಲ್ಲಿ ಪಾತ್ರೆಯನ್ನು ಒಲೆಯ ಮಗ್ಗುಲಲ್ಲಿ ಇಡುವ ಗೃಹಿಣಿಗೆ ಇದು ಯಾರೂ ಹೇಳಿಕೊಡದೆ ತಿಳಿದ ವಿಷಯ. ಆ ಹುಳಿಯೇ ಬೇರೆ ಬಹುಜಾತಿಯ ಜೀವಿಗಳಿಗೆ ಅಸಹ್ಯವಾಗಿ ಅವು ಅಲ್ಲಿ ಬೆಳೆಯಲಾರವು. ಆದುದರಿಂದಲೇ ಹಾಲಿಗಿಂತ ಮೊಸರು ಹೆಚ್ಚು ಕಾಲ ನಿಲ್ಲುವುದು. ಕಡೆಗೆ ತಾವು ಮಾಡಿದ ಹುಳಿಯು ಮಿತಿಮೀರಿದಾಗ ಹೆಪ್ಪಿನ ಜೀವಿಗಳೇ ಅದರಲ್ಲಿ ಕುಗ್ಗುವುವು. ಹಳೆಯ ಹುಳಿಮೊಸರು ಒಳ್ಳೆಯ ಹೆಪ್ಪಾಗದಿರುವುದಕ್ಕೆ ಇದೇ ಕಾರಣ.

ಇನ್ನು ಕ್ರಿಮಿಯ ವಿಚಾರ. ಹಸಿಮಾಂಸದಲ್ಲಿ ಕೊಬ್ಬುವುದು ಅಥವಾ ಹರಿದಾಡುವುದು ಎಂದು ಯಾಸ್ಕನು ಇದಕ್ಕೆ ನಿರ್ವಚನ ಹೇಳಿದ್ದಾನೆ. ಮೂಲದಲ್ಲಿ ಅದು ಕಣ್ಣಿಗೆ ಕಾಣುವ ಹುಳುವೇ. ಅಥರ್ವವೇದದ ಎರಡನೆಯ ಮತ್ತು ಐದನೆಯ ಕಾಂಡಗಳಲ್ಲಿ ಕಂಡವುಗಳೊಡನೆ ಕಾಣದವುಗಳನ್ನೂ ಸೇರಿಸಿ ನಾಶಮಾಡುವ ಸೂಕ್ತಗಳಿವೆ. ಉದಯಿಸುವ ಸೂರ್ಯನು ಅವನ್ನು ಕೊಲ್ಲಲೆಂಬ ಪ್ರಾರ್ಥನೆಯೂ ಇದೆ. ಆದರೆ ಕಾಣದಿರುವುದಕ್ಕೆ ಅಣುತ್ವವೇ ಕಾರಣವೆಂದು ಮಂತ್ರವು ಹೇಳುವುದಿಲ್ಲ. ದೇಹದೊಳಗೆ ಅಡಗಿರುವುದೂ ಅದೃಷ್ಟವೇ ಅಲ್ಲವೆ?

ಅಣುತ್ವವನ್ನು ಸ್ಪಷ್ಟವಾಗಿ ಹೇಳಿರುವುದು ಚರಕಸಂಹಿತೆ. ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಮಲಜ, ಶೋಣಿತಜ, ಶ್ಲೇಷ್ಮಜ, ಪುರೀಷಜಗಳೆಂದು ವಿಂಗಡಿಸಿ, ಶೋಣಿತಜಗಳು ರಕ್ತನಾಳಗಳಲ್ಲಿರುವ ಅಣುಗಳು, ದುಂಡಗಿನವು, ಕಾಲಿಲ್ಲದವು, ಕೆಲವು ಸೂಕ್ಷ್ಮತ್ವದಿಂದ ಅದೃಶ್ಯಗಳು ಎಂದು ವರ್ಣಿಸಿದೆ. ಇದನ್ನು ಓದಿ ಹರ್ಷಿಸದವರು ಯಾರು? ಆದರೂ ಮುಂದಕ್ಕೆ ಓದಬೇಕು. ಈ ಕ್ರಿಮಿಗಳ ಉತ್ಪತ್ತಿಕಾರಣವು ಕುಷ್ಠದ ಕಾರಣಕ್ಕೆ ಸಮಾನವೆಂದು ಅಲ್ಲಿಯೇ ಹೇಳಿದೆ. ಎಂದರೆ ಕ್ರಿಮಿಯಿಂದ ಕುಷ್ಠವೆಂದಾಗದೆ, ಒಂದೇ ದೋಷದಿಂದ ಎರಡೂ ಹುಟ್ಟುವುವೆಂದಾಯಿತು. ಸುಶ್ರುತಸಂಹಿತೆಯ ನಿದಾನಸ್ಥಾನದ ಐದನೆಯ ಅಧ್ಯಾಯವು ಇನ್ನೂ ಸ್ವಾರಸ್ಯವಾದುದು. ಎಲ್ಲ ಕುಷ್ಠಗಳಲ್ಲಿಯೂ ವಾತಪಿತ್ತಶ್ಲೇಷ್ಮಗಳೊಡನೆ ಕ್ರಿಮಿಗಳೂ ಇರುವುವೆಂದು ಅದರ ಆದಿಯಲ್ಲಿದೆ. ಸ್ಪರ್ಶ, ನಿಶ್ಶ್ವಾಸ, ಸಹಭೋಜನಾದಿಗಳಿಂದ ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದಗಳು ಒಬ್ಬರಿಂದ ಒಬ್ಬರಿಗೆ ಹರಡುವುವೆಂದು ಅದೇ ಅಧ್ಯಾಯದ ಅಂತ್ಯದಲ್ಲಿದೆ. ಹಾಗೆ ಹರಡುವ ವಸ್ತುವು ಆ ಕ್ರಿಮಿಯೇ ಎಂಬ ಒಂದು ವಾಕ್ಯ ಮಾತ್ರ ಇಲ್ಲ. ಅನುಮಾನಕ್ಕೆ ಬೇಕಾದ ಎರಡು ಅವಯವಗಳೂ ಒಂದೇ ಅಧ್ಯಾಯದಲ್ಲಿದ್ದು ನಿಗಮನವು ಹುಟ್ಟದೆ ಉಳಿಯಿತು. ನಾರ್ವೆ ದೇಶದ ಹಾನ್ಸನ್ ಎಂಬ ವೈದ್ಯನು ಕುಷ್ಠದ ದಂಡಾಕಾರಜೀವಿಯನ್ನು ಕಂಡುದು 1873ರಲ್ಲಿ. ಒಂದು ರೋಗಕ್ಕೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂಬುದನ್ನು ಜರ್ಮನಿಯ ಕಾಖ್‌ನು ದನಗಳ ನೆರಡಿರೋಗದಲ್ಲಿ ಸ್ಥಾಪಿಸಿದುದು 1876ರಲ್ಲಿ. ಹೆಪ್ಪನ್ನೂ ರೋಗವನ್ನೂ ಒಂದೇ ಸೂತ್ರದಲ್ಲಿ ಕೋದುದು ಈ ಇಪ್ಪತ್ತು ವರ್ಷಗಳ ಕೆಲಸ. ಅದಕ್ಕೆ ಬೇಕಾದ ಸೂಕ್ಷ್ಮದರ್ಶಕವು ನಮ್ಮ ಆಚಾರ್ಯರ ಕೈಯಲ್ಲಿರಲಿಲ್ಲವೆಂಬುದನ್ನು ಮರೆಯಬಾರದು. ಜೈನಾಗಮಗಳ ನಿಗೋದಜೀವವಿಚಾರವನ್ನು ಇಲ್ಲಿ ಬೆರಸಿಲ್ಲ. ಅದು ಜೀವತತ್ತ್ವದ ಮಾತಾದುದರಿಂದ ಬೇರೆಯೇ ಲೇಖನಕ್ಕೆ ತಕ್ಕುದು.

ಚರಕನ ಇನ್ನೊಂದು ಮಾತನ್ನು ಮಾತ್ರ ಯಾರೂ ಸಾಕಷ್ಟು ಗಮನಿಸಿಲ್ಲವೆಂದು ತೋರುವುದು. ಇಪ್ಪತ್ತು ಬಗೆಯೆಂದು ಎಣಿಸುವಾಗ, ಸಹಜವಾದ ಕ್ರಿಮಿಗಳನ್ನು ಬಿಟ್ಟು ಎಂಬ ವಿಶೇಷಣವಿದೆ. ಶರೀರದೊಡನೆ ಇರುವ ಸಹಜಗಳು ವಿಕಾರವನ್ನುಂಟುಮಾಡುವವಲ್ಲವೆಂದು ಚಕ್ರಪಾಣಿಯ ವ್ಯಾಖ್ಯಾನ. ಕೇಡಿಲ್ಲದೆ ದೇಹದಲ್ಲಿಯೇ ವಾಸಿಸುವ ಜೀವಿಗಳೆಂಬ ವರ್ಗವೊಂದನ್ನು ಇಷ್ಟು ಮಾತ್ರ ಹೇಳಿ ಬಿಟ್ಟರು. ಈಗಿನ ಶಾಸ್ತ್ರದಲ್ಲಿ ಈ ವರ್ಗವೇ ಅತಿವಿಸ್ತಾರವಾದುದು. ಶಿಶುವು ಹುಟ್ಟುವಾಗಲೂ ಅನಂತರವೂ ತಾಯಿಯಿಂದ ಈ ಜೀವಿಗಳನ್ನು ಪಡೆಯುವುದು. ಮೊಲೆಹಾಲು ಕುಡಿಯುವ ಶಿಶುವಿನ ಕರುಳಿನಲ್ಲಿ ಹೇರಳವಾಗಿರುವ, ಕವಲೊಡೆದ ಆಕಾರದ ಜೀವಿಯನ್ನು ಪ್ಯಾರಿಸ್ಸಿನ ಟಿಸ್ಸಿಯೇ ಎಂಬುವನು 19ನೆಯ ಶತಮಾನದ ಕೊನೆಯಲ್ಲಿ ಗುರುತಿಸಿದನು. ಆಶ್ಚರ್ಯವೇನೆಂದರೆ, ತಾಯಿಯ ಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಶಿಶುವು ಜೀರ್ಣಿಸಲಾರದು. ಅವುಗಳಿಂದ ಪುಷ್ಟಿಗೊಳ್ಳುವುದು ಈ ಜೀವಿಯೇ. ಅದು ಕರುಳಿನಲ್ಲಿ ಹುಳಿಯನ್ನುಂಟುಮಾಡಿ ಕೇಡಿನ ಜೀವಿಗಳು ನೆಲೆಗೊಳ್ಳದಂತೆ ತಡೆಯುವುದು. ಪಾತ್ರೆಯಲ್ಲಿ ಹೆಪ್ಪು ಮಾಡಿದುದೇ ಒಡಲಿನಲ್ಲಿಯೂ ನಡೆಯಿತು. ಕೇಡು, ಕೇಡಿಲ್ಲದಿರುವಿಕೆಗಳೂ ಜಾತಿಯಿಂದಲೇ ನಿಯತವಾದುವಲ್ಲ. ಎಷರಿಖ್‌ನು 1885ರಲ್ಲಿ ಶಿಶುಗಳ ಮಲದಲ್ಲಿ ಕಂಡ ಜೀವಿಯು ಕರುಳಿನಲ್ಲಿದ್ದಾಗ ಬಹುಮಟ್ಟಿಗೆ ಸಾಧು. ಅದೇ ಮೂತ್ರಮಾರ್ಗವನ್ನು ಹೊಕ್ಕರೆ ರೋಗ.

ಚಿಕಿತ್ಸೆಯಲ್ಲಿಯೂ ಚರಕನು ಅಪಕರ್ಷಣ, ಪ್ರಕೃತಿವಿಘಾತ, ನಿದಾನಪರಿವರ್ಜನಗಳೆಂದು ಮೂರನ್ನು ಹೇಳಿ, ಎರಡನೆಯದರಿಂದ ಕ್ರಿಮಿಗಳಿಗೆ ಅನುಕೂಲವಾದ ನೆಲೆಯನ್ನೇ ಪ್ರತಿಕೂಲಗೊಳಿಸುವುದನ್ನು ವಿಧಿಸಿದ್ದಾನೆ. ಹುಳಿಯು ಮಾಡುವ ಕೆಲಸಕ್ಕೆ ಪ್ರಕೃತಿವಿಘಾತಕ್ಕಿಂತ ಒಳ್ಳೆಯ ಹೆಸರನ್ನು ನಾವು ಹೊಸದಾಗಿ ಕಟ್ಟಬೇಕಾಗಿಲ್ಲ.

ಪರಿಭಾಷೆಯ ಮಾತು ಬಂದುದರಿಂದ ಉಪಾಧ್ಯಾಯರ ಅವಗಾಹನೆಗೆ ಎರಡು ಸೂಚನೆಗಳು. ಈ ಜೀವಿಗಳೆಲ್ಲವನ್ನೂ ಕ್ರಿಮಿಗಳೆನ್ನುವ ವಾಡಿಕೆಯನ್ನು ಬಿಡುವುದು ಮೇಲು. ಆ ಶಬ್ದದಲ್ಲಿ ಹಸಿಮಾಂಸದ ನಾತವಿದೆ. ಮೊಸರಿನಲ್ಲಿ ಕ್ರಿಮಿಗಳಿವೆಯೆಂದು ಪಾಠ ಹೇಳಿದರೆ ಹುಡುಗರು ಮೊಸರನ್ನು ಬಿಟ್ಟಾರೇ ಹೊರತು ಶಾಸ್ತ್ರವನ್ನು ತಿಳಿಯಲಾರರು. ಸೂಕ್ಷ್ಮಜೀವಿ ಎಂಬುದು ಸಾಧುವಾಗಿಯೂ ಇದೆ, ಬಳಕೆಗೂ ಬಂದಿದೆ. ಎರಡನೆಯದು, ಇವು ನೆಲಸಿರುವ ದೇಹವನ್ನು ಆತಿಥೇಯವೆಂದು ಕರೆಯುವ ಪದ್ಧತಿ. ಹೊರಗಿನಿಂದ ಬಂದು ರೋಗವನ್ನು ತರುವವುಗಳ ವಿಷಯದಲ್ಲಿ ಈ ಹೆಸರು ಹೇಗೋ ಸಲ್ಲಬಹುದು. ಹುಟ್ಟಿನಿಂದ ಸಾವಿನವರೆಗೆ ಜೊತೆಯಲ್ಲಿರುವ ಸಹಜಗಳನ್ನು ಅತಿಥಿಗಳೆನ್ನುವುದು ಅತಿಥಿಶಬ್ದಕ್ಕೆ ವಿರುದ್ಧ. ಅಲ್ಲಿ ದೇಹವನ್ನು ಆಶ್ರಯವೆಂದೂ ಜೀವಿಯನ್ನು ಆಶ್ರಿತವೆಂದೂ ಕರೆಯಬಹುದು.