ಶಿರಾದ ಸಿಲೇದಾರರು, ಕೊರಟಗೆರೆಯ ಫ್ರೀಲ್ಯಾನ್ಸರ್

ಈ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಕೆಲಸ, ಡೆಡ್‌ಲೈನ್ ಅಂತ ಅದೇ ಹಳೇ ನೆಪ... ಇರಲಿ, ವಿಷಯಕ್ಕೆ ಬರ್ತೀನಿ.

ಆಫೀಸಿನಲ್ಲಿ ಈಗ ಒಂದು ಹೊಸ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ಒಂದು ಆ್ಯಪ್‌ನ ಕೆಲಸವನ್ನು ಹೊರಗಿನ ಫ್ರೀಲ್ಯಾನ್ಸ್ ಡೆವಲಪರ್‌ಗಳಿಗೆ ಕೊಡಬೇಕು. ಅವರನ್ನು ಹುಡುಕೋದು, ರೇಟ್ ಮಾತಾಡೋದು, ಕರಾರಿನ ಕರಡು ನೋಡೋದು ಎಲ್ಲಾ ನನ್ನ ಪಾಲಿಗೆ. ಆ ಕರಡಿನಲ್ಲಿ ಒಂದು ಸಾಲು ಇತ್ತು: ಕೆಲಸಕ್ಕೆ ಬೇಕಾದ ಎಲ್ಲ ಸಲಕರಣೆಯನ್ನು ಡೆವಲಪರ್ ತನ್ನ ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಓದಿದ ಕೂಡಲೇ ನನಗೆ ನೆನಪಾಗಿದ್ದು ಲ್ಯಾಪ್‌ಟಾಪ್ ಅಲ್ಲ, ಕುದುರೆ! ಓದಿದ್ದು ಇಂಜಿನಿಯರಿಂಗ್ ಆದರೂ ಮಧುಗಿರಿ ಬೆಟ್ಟದ ಬುಡದಲ್ಲಿ ಬೆಳೆದವನಿಗೆ ಕೋಟೆ, ಪಾಳೇಗಾರರು, ದಂಡು ಇವುಗಳ ಹುಚ್ಚು ಬಿಡುವುದಿಲ್ಲ ನೋಡಿ.

ಹದಿನೆಂಟನೇ ಶತಮಾನದಲ್ಲಿ ನಮ್ಮ ಸೀಮೆಯಲ್ಲಿ ಓಡಾಡಿದ ಸೈನ್ಯಗಳಲ್ಲಿ, ಮರಾಠರದಾಗಲಿ ಮೈಸೂರಿನದಾಗಲಿ, ಕುದುರೆ ಸವಾರರು ಮುಖ್ಯವಾಗಿ ಎರಡು ಬಗೆ. ಸರ್ಕಾರದ ಕುದುರೆ ಹತ್ತಿ, ಸರ್ಕಾರ ಕೊಟ್ಟ ಆಯುಧ ಹಿಡಿದು, ಕಡಿಮೆ ಸಂಬಳ ಪಡೆಯುವವನು ಬಾರ್ಗೀರ್. ತನ್ನದೇ ಕುದುರೆ, ತನ್ನದೇ ಕತ್ತಿ ಭರ್ಜಿ ತಂದು, ಕುದುರೆಯ ಮೇವು ಹುರುಳಿ ಎಲ್ಲ ತಾನೇ ನೋಡಿಕೊಂಡು, ಅದಕ್ಕೆ ತಕ್ಕಂತೆ ಹೆಚ್ಚು ಸಂಬಳ ಪಡೆಯುವವನು ಸಿಲೇದಾರ. 'ಸಿಲಾಹ್' ಅಂದರೆ ಆಯುಧ, ಆಯುಧ ಉಳ್ಳವನು ಸಿಲಾಹ್‌ದಾರ್, ಅದೇ ನಮ್ಮ ಬಾಯಲ್ಲಿ ಸಿಲೇದಾರ. ಕಂಪನಿ ಲ್ಯಾಪ್‌ಟಾಪ್ ಹೊತ್ತು ಓಡಾಡುವ ನಾನು ಬಾರ್ಗೀರ್. ಕೊರಟಗೆರೆಯ ನನ್ನ ಗೆಳೆಯ, ಮನೆಯಲ್ಲೇ ಕೂತು ಯಾರು ಯಾರದೋ ವೆಬ್‌ಸೈಟು, ಆ್ಯಪು ಮಾಡಿಕೊಡುವವನು, ಅಪ್ಪಟ ಸಿಲೇದಾರ. ಇನ್ನೊಂದು ಮೂರನೇ ಬಗೆಯೂ ಇತ್ತು, ಪಿಂಡಾರಿಗಳು. ಅವರಿಗೆ ಸಂಬಳವೇ ಇಲ್ಲ, ಲೂಟಿಯೇ ಸಂಬಳ. ಈಗ ಅಂಥವರಿಗೆ 'ದುಡ್ಡಿಲ್ಲ, ಈಕ್ವಿಟಿ ಕೊಡ್ತೀವಿ' ಅಂತಾರೆ :-)

ಫ್ರೀಲ್ಯಾನ್ಸ್ ಅನ್ನೋ ಪದವೂ ಕುದುರೆಯ ಮೇಲೆ ಕೂತೇ ಬಂದಿದ್ದು. ಲ್ಯಾನ್ಸ್ ಅಂದರೆ ಭರ್ಜಿ. ಯಾವ ಒಡೆಯನಿಗೂ ಕಟ್ಟುಬೀಳದ ಭರ್ಜಿ ಅಂತ. ಈ ಪದ ಜನಪ್ರಿಯವಾದದ್ದು ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' ಕಾದಂಬರಿಯಿಂದ, ಅದು ಹೊರಬಂದದ್ದು 1819ರ ಕೊನೆಗೆ. ಅದಕ್ಕೆ ಎರಡು ವರ್ಷ ಮುಂಚೆ, 1817ರ ಡಿಸೆಂಬರಿನಲ್ಲಿ, ಮೈಸೂರಿನ ಸಿಲೇದಾರರು ದೂರದ ಮಾಳವದ ಮಹಿದ್‌ಪುರದಲ್ಲಿ ಹೋಳ್ಕರರ ವಿರುದ್ಧ ಇಂಗ್ಲಿಷರ ಜೊತೆ ನಿಂತು ಹೋರಾಡಿದ್ದರು. ಕಾದಂಬರಿಯಲ್ಲಿ ಸ್ಕಾಟ್ ಕಲ್ಪಿಸಿಕೊಂಡದ್ದನ್ನು ನಮ್ಮವರು ಹೊಟ್ಟೆಪಾಡಿಗೆ ಮಾಡುತ್ತಿದ್ದರು.

ಈ ವ್ಯಾಪಾರಕ್ಕೆ ನಮ್ಮ ಕಡೆಯ ದೊಡ್ಡ ಸಂತೆ ಶಿರಾ. ಈಗ ಹೈವೇಯಲ್ಲಿ ಹೋಗುವವರಿಗೆ ಶಿರಾ ಅಂದರೆ ಊಟಕ್ಕೆ ಬಸ್ ನಿಲ್ಲಿಸುವ ಜಾಗ. 1687ರಲ್ಲಿ ಮೊಗಲರ ಖಾಸಿಂ ಖಾನ್ ಇಲ್ಲಿ ಬಂದು ಕೂತ ಮೇಲೆ ಇದು ಒಂದು ಪ್ರಾಂತ್ಯದ ರಾಜಧಾನಿ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ ಎಲ್ಲ ಇದರ ಕೈಕೆಳಗೆ. ಸುಬೇದಾರ ಬದಲಾದ ಹಾಗೆಲ್ಲ ದಂಡಿನವರೂ ಬದಲು, ಹೊಸಬನ ಹತ್ತಿರ ಹೊಸ ಮಾತುಕತೆ.

ಹಾಗೆ ಕೆಲಸ ಹುಡುಕಿಕೊಂಡು ತಿರುಗಿದವರಲ್ಲಿ ಒಬ್ಬ ಫತೇ ಮಹಮ್ಮದ್. ತನ್ನದೇ ಒಂದಷ್ಟು ಜನರನ್ನು ಕಟ್ಟಿಕೊಂಡು ಆರ್ಕಾಟು, ಚಿತ್ತೂರು, ಮೈಸೂರು ಎಲ್ಲ ಸುತ್ತಿ ಕೊನೆಗೆ ಶಿರಾದ ಸುಬೇದಾರನ ಬಳಿ ನಿಂತ. ಕೋಲಾರದ ಬಳಿ ಬೂದಿಕೋಟೆ ಜಹಗೀರು ಸಿಕ್ಕಿತು. ಆಮೇಲೆ ಶಿರಾದ ಸುಬೇದಾರಿಗಾಗಿ ಇಬ್ಬರು ಹೊಡೆದಾಡಿದಾಗ ತನ್ನ ಧಣಿಯ ಪರ ನಿಂತು ಸತ್ತ. ಸತ್ತ ಮೇಲೆ ಆಗಿದ್ದು ಕೇಳಿ. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನಿಂದ ಲೆಕ್ಕದಲ್ಲಿ ಬಾಕಿ ಬರಬೇಕು ಅಂತ ನೆಪ ತೆಗೆದು, ವಿಧವೆಯ ಮನೆಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡ. ಇಬ್ಬರು ಚಿಕ್ಕ ಮಕ್ಕಳನ್ನು ನಗಾರಿಯೊಳಗೆ ಕೂಡಿ ಹಿಂಸೆ ಕೊಟ್ಟನಂತೆ. ಹಾಗಂತ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಆ ಇಬ್ಬರಲ್ಲಿ ಚಿಕ್ಕವನ ಹೆಸರು ಹೈದರ್ ಅಲಿ. 1761ರಲ್ಲಿ ಅದೇ ಹುಡುಗ 'ಶಿರಾದ ನವಾಬ' ಅಂತ ಪದವಿ ತೊಟ್ಟ. ದೊಡ್ಡಬಳ್ಳಾಪುರಕ್ಕೆ ಅವನು ಬರುವ ಸುದ್ದಿ ಕೇಳಿ ಅಬ್ಬಾಸ್ ಕುಲಿ ಖಾನ್ ಓಡಿದ್ದು ಮದರಾಸಿನವರೆಗೆ!

ಈ ಎರಡರ ನಡುವೆ ಹೈದರ್ ಮೇಲೆ ಬಂದ ದಾರಿ ನನ್ನಂಥವರಿಗೆ ಇನ್ನೂ ಸ್ವಾರಸ್ಯ. ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ 1750ರ ದಶಕದಲ್ಲಿ ತಿರುಚನಾಪಳ್ಳಿಯ ಆಸೆಗೆ ಬಿದ್ದು ವರ್ಷಗಟ್ಟಲೆ ಯುದ್ಧ ಮಾಡಿದ. ಪಾವಗಡದಿಂದಾಚೆ ಗುತ್ತಿಯ ಮುರಾರಿರಾವ್ ಘೋರ್ಪಡೆಯ ಕುದುರೆ ದಂಡನ್ನೂ ಬಾಡಿಗೆಗೆ ಹಿಡಿದ. ಮುರಾರಿರಾವ್ ಇವತ್ತು ಇಂಗ್ಲಿಷರ ಕಡೆ, ನಾಳೆ ಫ್ರೆಂಚರ ಕಡೆ, ದುಡ್ಡು ನಿಂತರೆ ಗುತ್ತಿಯ ಕಡೆ. ತಿರುಚನಾಪಳ್ಳಿ ಸಿಗಲಿಲ್ಲ, ಖಜಾನೆ ಬರಿದಾಯಿತು. 1758ರಲ್ಲಿ ಸಂಬಳ ಬಾಕಿಯಾದ ಸೈನಿಕರು ಶ್ರೀರಂಗಪಟ್ಟಣದಲ್ಲಿ ನಂಜರಾಜಯ್ಯನ ಬಾಗಿಲಿಗೆ ಧರಣಿ ಕೂತರು. ಒಳಗೆ ಅನ್ನ ನೀರು ಹೋಗದಂತೆ ತಡೆದು ಕೂರುವ ಧರಣಿ ಅದು. ಬಿಡಿಸಿದವನು ದಿಂಡಿಗಲ್ಲಿನಿಂದ ಬಂದ ಹೈದರ್. ಅವನ ಲೆಕ್ಕಿಗ ಖಂಡೇರಾವ್ ಒಂದೊಂದೇ ಲೆಕ್ಕ ಬಿಚ್ಚಿ, ಯಾರದು ನಿಜವಾದ ಬಾಕಿ, ಯಾರದು ಬರೆಸಿಕೊಂಡ ಬಾಕಿ ಅಂತ ಬೇರೆ ಮಾಡಿದ. ಸರ್ಕಾರದ ಸ್ವತ್ತು ಕೊಟ್ಟು ತೀರಿಸಿದರು. ಅಲ್ಲಿಂದ ಮುಂದೆ ದಂಡಿಗೆ ಒಡೆಯ ಯಾರು ಅಂತ ಯಾರೂ ಕೇಳಬೇಕಾಗಲಿಲ್ಲ. ಮೈಸೂರಿನ ಗದ್ದುಗೆಯ ಹಿಂದಿನ ಅಧಿಕಾರ ಕೈ ಬದಲಾದದ್ದು ಒಂದು ಪೇಮೆಂಟ್ ಬಾಕಿಯಿಂದ. ನಮ್ಮ ಶಾಲೆಯ ಪಾಠದಲ್ಲಿ ಇದು ಒಂದು ಸಾಲಾಗಿಯೂ ಇರಲಿಲ್ಲ.

ಖಂಡೇರಾವ್‌ಗೆ ಕಳ್ಳ ಲೆಕ್ಕ ಅಷ್ಟು ಬೇಗ ಕಂಡದ್ದು ಹೇಗೆ ಅಂದರೆ, ಅದೇ ಆಟವನ್ನು ಅವರಿಬ್ಬರೂ ದಿಂಡಿಗಲ್ಲಿನಲ್ಲಿ ಆಡಿ ಪಳಗಿದ್ದರು. ಅಲ್ಲಿನ ಪಾಳೇಗಾರರ ಮೇಲೆ ಗೆದ್ದ ನಂತರ ಗಾಯಾಳುಗಳಿಗೆ ಸರ್ಕಾರದಿಂದ ಭತ್ಯೆ ಬರುತ್ತಿತ್ತು. ತಪಾಸಣೆಗೆ ಅಧಿಕಾರಿ ಬಂದಾಗ ನಿಜವಾಗಿ ಗಾಯಗೊಂಡವರು 67 ಜನ, ಅರಿಶಿನದ ಬಟ್ಟೆ ಸುತ್ತಿಕೊಂಡು ನರಳುತ್ತಿದ್ದವರು ಸುಮಾರು 700! ಇದೂ ವಿಲ್ಕ್ಸ್ ಹೇಳಿದ್ದೇ. ಅವನಿಗೆ ಹೈದರ್ ಕಂಡರೆ ಅಷ್ಟಕ್ಕಷ್ಟೆ, ಒಂದಿಷ್ಟು ಉಪ್ಪು ಖಾರ ಸೇರಿಸಿರಲೂಬಹುದು. ಒಂದೇ ಡೆವಲಪರನ ಟೈಮ್‌ಶೀಟನ್ನು ಇಬ್ಬರು ಕ್ಲೈಂಟುಗಳಿಗೆ ಬಿಲ್ ಮಾಡಿದ್ದನ್ನು ನೋಡಿದವರಿಗೆ ಮಾತ್ರ ಇದು ನಂಬಲಾಗದ ಕತೆ ಏನೂ ಅಲ್ಲ.

ಈಗ ಕೊರಟಗೆರೆಯ ಗೆಳೆಯನ ಕತೆ. ಹೋದ ವರ್ಷ ಬೆಂಗಳೂರಿನ ಒಂದು ಕಂಪನಿಗೆ (ಹೆಸರು ಬೇಡ) ಆ್ಯಪ್ ಮಾಡುತ್ತಿದ್ದ. ಮಧ್ಯೆ ಒಂದು ರಾತ್ರಿ ವೋಲ್ಟೇಜ್ ಏರುಪೇರಾಗಿ ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಸುಟ್ಟುಹೋಯಿತು. ಕೋಡ್ ಗಿಟ್‌ನಲ್ಲಿತ್ತು, ಉಳಿಯಿತು. ಹೊಸ ಲ್ಯಾಪ್‌ಟಾಪಿಗೆ ಅವರಮ್ಮನ ಬಳೆ ಅಡ ಇಟ್ಟ. ಹತ್ತು ದಿನ ತಡವಾಯಿತು ಅಂತ ಕಂಪನಿಯವರು ದಂಡ ಹಿಡಿದರು. ಉಳಿದದ್ದನ್ನು ನಲವತ್ತೈದು ದಿನಕ್ಕೆ ಕೊಡ್ತೀವಿ ಅಂದವರು ಐದು ತಿಂಗಳು ಎಳೆದರು. "ಲೋ ಮಗಾ, ಅವರಿಗೆ ಫೋನ್ ಮಾಡೋಕೂ ನಂಗೇ ನಾಚಿಕೆ ಆಗ್ತೈತೆ ಕಣೋ, ನಾನೇ ಸಾಲ ಕೇಳೋನ್ ಥರ" ಅಂದ. ಈ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕಂದರೆ ಈಗ ಆ ಕಡೆಯ ಕುರ್ಚಿಯಲ್ಲಿ ಕೂತಿರೋನು ನಾನು.

ಸಿಲೇದಾರನ ಕುದುರೆ ಸತ್ತರೂ ಸಾಮಾನ್ಯವಾಗಿ ನಷ್ಟ ಅವನದೇ. ಹೊಸ ಕುದುರೆ ಕೊಳ್ಳಲಾಗದಿದ್ದರೆ ಬಾರ್ಗೀರ್ ಆಗಬೇಕು, ಇಲ್ಲವೇ ಊರಿಗೆ ಹೋಗಬೇಕು. ಹಾಗಾಗಿ ಸಿಲೇದಾರರ ಮೇಲೆ ಆ ಕಾಲದವರು ಒಂದು ದೂರು ಹೇಳುತ್ತಿದ್ದರು: ಇವರು ಕುದುರೆ ಉಳಿಸಿಕೊಳ್ಳುವುದಕ್ಕೆ ನೋಡ್ತಾರೆ, ಮುನ್ನುಗ್ಗುವುದಿಲ್ಲ ಅಂತ. ಮುನ್ನುಗ್ಗೋದು ಹೇಗೆ ಸ್ವಾಮೀ? ಅವನ ಮನೆಯ ಅನ್ನವೆಲ್ಲ ಆ ನಾಲ್ಕು ಕಾಲಿನ ಮೇಲೆ ನಿಂತಿದೆ. 'ಫ್ರೀಲ್ಯಾನ್ಸರ್‌ಗಳಿಗೆ ಓನರ್‌ಶಿಪ್ ಇಲ್ಲ' ಅಂತ ನಮ್ಮ ಮೀಟಿಂಗುಗಳಲ್ಲಿ ಗೊಣಗುವವರಿಗೆ ಇದನ್ನು ಹೇಳಬೇಕು ಅನಿಸುತ್ತೆ.

ಇನ್ನೂ ಒಂದು ಮಾತು, ನಿಷ್ಠೆಯದು. 1767ರಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಶಿರಾ ಕಾಯುತ್ತಿದ್ದವನು ಯಾವ ಬಾಡಿಗೆಯವನೂ ಅಲ್ಲ, ಹೈದರನ ಸ್ವಂತ ಭಾವಮೈದುನ ಮೀರ್ ಅಲಿ ರಜಾ ಖಾನ್. ಕೋಟೆಯನ್ನು ಪೇಶ್ವೆಗೆ ಒಪ್ಪಿಸಿ, ಗುರ್ರಂಕೊಂಡ ಪಡೆದು ಆ ಕಡೆ ಸೇರಿದ. ಅದೇ ದಂಡಯಾತ್ರೆಯಲ್ಲಿ ಮಧುಗಿರಿ ಕೋಟೆಯೂ ಬಿತ್ತು. 1763ರಿಂದ ಅಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿ ಬಿಡುಗಡೆಯಾಗಿ ಪುಣೆಯ ದಾರಿಯಲ್ಲಿ ತೀರಿಕೊಂಡಳು. ಮನೆಯವನು, ಖಾಯಂ ನೌಕರ ಅಂದ ಮಾತ್ರಕ್ಕೆ ನಿಲ್ಲುತ್ತಾನೆ, ಹೊರಗಿನವನು ಕೈಕೊಡುತ್ತಾನೆ ಅನ್ನುವ ಲೆಕ್ಕ ನಮ್ಮ ಬೆಟ್ಟದ ಮೇಲೆಯೇ ಸುಳ್ಳಾಗಿದೆ.

ಕರಾರಿನ ವಿಷಯಕ್ಕೆ ಬಂದರೆ, ಕುದುರೆ ಯಾರದು ಅಂತ ಆಗ ಕೇಳುತ್ತಿದ್ದ ಹಾಗೆ ಕೋಡ್ ಯಾರದು ಅಂತ ಈಗ ಕೇಳಬೇಕು. ಇದು ಅನೇಕರಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಮಾಲೀಕನದು. ಹೊರಗಿನವನು ಬರೆದದ್ದು ಮಾಮೂಲಾಗಿ ಬರೆದವನದೇ, ಲಿಖಿತವಾಗಿ ಸಹಿ ಹಾಕಿ ವರ್ಗಾಯಿಸುವವರೆಗೆ. 19ನೇ ಕಲಂ ಪ್ರಕಾರ ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಣದ ವಿಷಯದಲ್ಲೂ ಒಂದು ಆಯುಧ ಇದೆ. ಉದ್ಯಮ್ ನೋಂದಣಿ (ಪುಕ್ಕಟೆ) ಮಾಡಿಸಿಕೊಂಡ ಸಣ್ಣ ಉದ್ಯಮಿಗೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ, ಕೆಲಸ ಒಪ್ಪಿಕೊಂಡ ದಿನದಿಂದ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗೆಳೆಯನಿಗೆ ಇದನ್ನು ಹೇಳಿದ್ದೇನೆ, ನೋಂದಣಿ ಮಾಡಿಸಿಕೊಂಡ. ಹಳೇ ಕಂಪನಿಯ ಬಾಕಿಯಲ್ಲಿ ಅರ್ಧ ಬಂದಿದೆ. ನಮ್ಮ ಕರಡಿಗೆ ನಾನು ಕೇಳಿರೋದು ಮೂರರಲ್ಲಿ ಒಂದು ಪಾಲು ಮುಂಗಡ, ಮತ್ತು ಸಲಕರಣೆ ಕೆಟ್ಟರೆ ಹದಿನೈದು ದಿನ ದಂಡವಿಲ್ಲದ ಬಿಡುವು. ಲೀಗಲ್‌ನವರು ಇನ್ನೂ ಉತ್ತರ ಕೊಟ್ಟಿಲ್ಲ. ಬಿಡುವ ಯೋಚನೆ ನನಗಿಲ್ಲ.

ಈ ಬಿಡುವಿನ ಯೋಚನೆಯೂ ನನ್ನ ಸ್ವಂತದ್ದಲ್ಲ. ಮುಂದೆ ಇಂಗ್ಲಿಷರ ಸಿಲೇದಾರಿ ರೆಜಿಮೆಂಟುಗಳಲ್ಲಿ 'ಚಂದಾ ಫಂಡ್' ಅಂತ ಇತ್ತು. ಪ್ರತಿ ಸವಾರನೂ ತಿಂಗಳಿಗಿಷ್ಟು ಅಂತ ಹಾಕುತ್ತಿದ್ದ. ಕುದುರೆ ಸತ್ತವನಿಗೆ ಹೊಸ ಕುದುರೆ ಕೊಳ್ಳುವುದಕ್ಕೆ ಅದರಿಂದ ನೆರವು. ಅಲ್ಲೇ 'ಅಸಾಮಿ' ಅನ್ನುವ ಇನ್ನೊಂದು ಏರ್ಪಾಡೂ ಇತ್ತು. ಒಂದು ಸವಾರನ ಜಾಗಕ್ಕೆ ಅಸಾಮಿ ಅಂತ ಹೆಸರು, ಅದನ್ನು ಕೊಳ್ಳಬಹುದು, ಮಾರಬಹುದು. ನಾಲ್ಕಾರು ಅಸಾಮಿ ಇಟ್ಟುಕೊಂಡವನು ತನ್ನ ಕುದುರೆಗಳ ಮೇಲೆ ಬೇರೆಯವರನ್ನು ಕೂರಿಸಿ ಸಂಬಳದಲ್ಲಿ ಪಾಲು ಹೊಡೆಯುತ್ತಿದ್ದ. ಅಪ್‌ವರ್ಕ್‌ನಲ್ಲಿ ಐದು ನಕ್ಷತ್ರದ ಅಕೌಂಟ್ ಇಟ್ಟುಕೊಂಡು ಕೆಲಸವನ್ನು ಕಾಲೇಜು ಹುಡುಗರಿಂದ ಮಾಡಿಸುವವರನ್ನು ನೀವೂ ನೋಡಿರ್ತೀರಿ. ಆ ಅಸಾಮಿಗಳ ಬಗ್ಗೆ ಇನ್ನೊಮ್ಮೆ ಬರೀತೀನಿ :-)

ಮೈಸೂರಿನ ಸಿಲೇದಾರರ ಕೊನೆಯನ್ನು ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. 1807ರ ಒಪ್ಪಂದದಲ್ಲಿ ಮೈಸೂರು 4000 ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕು ಅಂತ ಆಗಿತ್ತು. ಮುಮ್ಮಡಿಯವರ ಕಾಲದಲ್ಲಿ ದಂಡಿನ ಸಂಬಳ ಮತ್ತೆ ಬಾಕಿ ಬಿತ್ತು. 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತ ಕಿತ್ತುಕೊಳ್ಳುವಾಗ ಹೇಳಿದ ಕಾರಣಗಳ ಪಟ್ಟಿಯಲ್ಲಿ ಆ ಬಾಕಿಯೂ ಇತ್ತು. ಬ್ರಿಟಿಷ್ ಭಾರತದ ಸೈನ್ಯದಲ್ಲಿ ಸಿಲೇದಾರಿ ಪದ್ಧತಿ ಮೊದಲ ಮಹಾಯುದ್ಧವನ್ನು ತಡೆದುಕೊಳ್ಳಲಿಲ್ಲ, 1921ರ ಹೊತ್ತಿಗೆ ನಿಂತುಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಅಷ್ಟರಲ್ಲಾಗಲೇ ಸಂಸ್ಥಾನದ ಖಾಯಂ ಪಡೆಯಾಗಿದ್ದರು. ಭರ್ಜಿ ಅದೇ, ಫ್ರೀ ಮಾತ್ರ ಹೋಗಿತ್ತು.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಅಟ್ಟದ ಮೇಲಿನ ಹಳೇ ಕಾಗದದಲ್ಲಿ ಕುದುರೆಯ ಲೆಕ್ಕವೋ ದಂಡಿನ ಸಂಬಳದ ಚೀಟಿಯೋ ಇದ್ದರೆ ಎಸೆಯಬೇಡಿ, ಒಂದು ಫೋಟೋ ತೆಗೆದು ನನಗೆ ಕಳಿಸಿ. ಮೋಡಿ ಅಕ್ಷರದಲ್ಲಿದ್ದರೂ ಪರವಾಗಿಲ್ಲ, ಓದುವವರೊಬ್ಬರು ಗೊತ್ತು.