ದುಬಾರಿ ಸ್ಪೀಕರ್ ಕೇಬಲ್ ಹಾಕಿದರೆ ಹಾಡು ಚೆನ್ನಾಗಿ ಕೇಳಿಸುತ್ತದೆಯೇ?

"ಮಾಮೂಲಿ ವೈರ್ ಹಾಕಿದರೆ ಬೇಸ್ ಸತ್ತುಹೋಗುತ್ತದೆ, ಬೆಳ್ಳಿ ಲೇಪಿತ ಕೇಬಲ್ ಹಾಕಿ ನೋಡಿ." ಹೋಂ ಥಿಯೇಟರ್ ಕೊಳ್ಳಲು ಹೋದವರಿಗೆ ಈ ಮಾತು ಹೊಸದಲ್ಲ. ಆಂಪ್ಲಿಫೈಯರ್‌ಗೆ ಕೊಟ್ಟಷ್ಟೇ ದುಡ್ಡನ್ನು ಕೇಬಲ್‌ಗೂ ಸುರಿದವರಿದ್ದಾರೆ. ಅದು ಬೇಕೇ?

ಮನೆಯೊಳಗಿನ ದೂರಕ್ಕೆ ಬೇಡ. ಸ್ಪೀಕರ್ ವೈರ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ವಿದ್ಯುತ್ ರೋಧ. 1.5 ಚದರ ಮಿಲಿಮೀಟರ್ ತಾಮ್ರದ ವೈರ್‌ಗೆ ಅದು ಮೀಟರಿಗೆ ಸುಮಾರು 0.012 ಓಮ್. ಸ್ಪೀಕರ್ 5 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 10 ಮೀಟರ್, ಅಂದರೆ 0.12 ಓಮ್. 8 ಓಮ್ ಸ್ಪೀಕರ್ ಮುಂದೆ ಇದು ಯಾವ ಲೆಕ್ಕ? ಧ್ವನಿ ತಗ್ಗುವುದು ಸುಮಾರು 0.13 ಡೆಸಿಬೆಲ್. ಕೂತಲ್ಲೇ ತಲೆಯನ್ನು ತುಸು ಪಕ್ಕಕ್ಕೆ ಸರಿಸಿದರೂ ಇದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ.

ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇ. 6ರಷ್ಟು ಉತ್ತಮ ವಾಹಕ, ನಿಜ. ಆದರೆ 1.5ರ ಬದಲು 2.5 ಚದರ ಮಿಲಿಮೀಟರ್ ತಾಮ್ರದ ವೈರ್ ತಂದರೆ ರೋಧ ಶೇ. 40ರಷ್ಟು ಇಳಿಯುತ್ತದೆ! ಚಿನ್ನವಂತೂ ತಾಮ್ರದಷ್ಟು ಒಳ್ಳೆಯ ವಾಹಕವೂ ಅಲ್ಲ. ಪಿನ್ ಕಪ್ಪಾಗದಿರಲಿ ಎಂದು ಲೇಪಿಸುತ್ತಾರೆ ಅಷ್ಟೇ.

"ನನಗೆ ವ್ಯತ್ಯಾಸ ಕೇಳಿಸಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬೆಲೆ ಗೊತ್ತಿದ್ದಾಗ ಕಿವಿಗಿಂತ ಮೊದಲು ಮನಸ್ಸು ತೀರ್ಪು ಕೊಡುತ್ತದೆ. ಆದ್ದರಿಂದ ಯಾವ ಕೇಬಲ್ ಎಂದು ತಿಳಿಸದೆ ಬದಲಾಯಿಸಲು ಮನೆಯವರೊಬ್ಬರಿಗೆ ಹೇಳಿ, ಹತ್ತು ಹದಿನೈದು ಸಲ ಗುರುತಿಸಲು ಪ್ರಯತ್ನಿಸಿ. 2007ರಲ್ಲಿ ಜಾದೂಗಾರ ಜೇಮ್ಸ್ ರಾಂಡಿ, 7,250 ಡಾಲರ್‌ನ ಕೇಬಲ್ ಜೋಡಿಯೊಂದು ಮಾಮೂಲಿ ಕೇಬಲ್‌ಗಿಂತ ಉತ್ತಮವೆಂದು ತೋರಿಸಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದ್ದರು. ಆ ಹಣ ಯಾರಿಗೂ ದಕ್ಕಲಿಲ್ಲ.

ಎಚ್‌ಡಿಎಂಐ ಕೇಬಲ್ ಕಥೆ ಇನ್ನೂ ಸರಳ. ಅದರಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಕೇಬಲ್ ಕೆಟ್ಟಿದ್ದರೆ ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ, ಧ್ವನಿ ಕಡಿದುಹೋಗುತ್ತದೆ. ಬೇಸ್ ಮಾತ್ರ ಕಡಿಮೆಯಾಗುವುದಿಲ್ಲ.

ಹಾಗೆಂದು ಯಾವ ವೈರಾದರೂ ನಡೆಯುತ್ತದೆ ಎಂದಲ್ಲ. 20 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್‌ನ ಸಣ್ಣ ವೈರ್ ಎಳೆದರೆ ರೋಧ 1.4 ಓಮ್ ಆಗುತ್ತದೆ, ಧ್ವನಿ ಸುಮಾರು ಒಂದೂವರೆ ಡೆಸಿಬೆಲ್ ತಗ್ಗುತ್ತದೆ. ಇದು ಕಿವಿಗೆ ಗೊತ್ತಾಗಬಹುದು. ಅಗ್ಗದ ವೈರ್‌ಗಳಲ್ಲಿ ಇನ್ನೊಂದು ಮೋಸವಿದೆ: ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಪದರ. ಇದರ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಲೇ ವಾಪಸ್ ಕೊಡಿ.